ಮಸಾಲೆ ಚಹಾ: ಯಾವುದು ಮೊದಲು, ಯಾವುದು ಕೊನೆಗೆ

(ಬಾಗಲಕೋಟೆಯ ನವನಗರದಲ್ಲಿ ಗೃಹಿಣಿಯರು ಮತ್ತು ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ, ಒಲೆಯ ಮೇಲೆ ಚಹಾ ಮಾಡಿ ತೋರಿಸುತ್ತ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಮನೆಯಲ್ಲಿ ಮಸಾಲೆ ಚಹಾ ಮಾಡಿದಾಗ ಅದು ಘಮ್ಮೆನ್ನಲಿಲ್ಲ, ಬರೀ ಖಾರವಾಯಿತು, ಇಲ್ಲವೇ ಕಹಿಯಾಯಿತು ಎಂದು ಬೇಸರಪಡುವವರು ಸಾಮಾನ್ಯವಾಗಿ ಮಸಾಲೆಯ ಅಳತೆಯನ್ನೇ ಅನುಮಾನಿಸುತ್ತಾರೆ. ಯಾಲಕ್ಕಿ ಇನ್ನೆರಡು ಹಾಕಬೇಕಿತ್ತೇನೋ, ಲವಂಗ ಒಂದು ಕಡಿಮೆ ಮಾಡಬೇಕಿತ್ತೇನೋ ಎಂದು ಲೆಕ್ಕ ಹಾಕುತ್ತಾರೆ. ಅಳತೆಗೆ ಮಹತ್ವ ಇದ್ದೇ ಇದೆ. ಆದರೆ ಚಹಾದ ಸುವಾಸನೆಯ ಅಳಿವು ಉಳಿವು ಹೆಚ್ಚಾಗಿ ಸರದಿಯ ಮೇಲೆ ನಿಂತಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಯಾವ ಪದಾರ್ಥ ನೀರಿನಲ್ಲಿ ಕುದಿಯಬೇಕು, ಯಾವುದು ಹಾಲಿನ ಜೊತೆ ಸೇರಬೇಕು, ಯಾವುದನ್ನು ಒಲೆ ಆರಿಸಿದ ಮೇಲೆ ಹಾಕಿ ಮುಚ್ಚಬೇಕು ಎಂಬುದು ತಿಳಿದರೆ, ಇದೇ ಯಾಲಕ್ಕಿ, ಇದೇ ಶುಂಠಿ, ಇದೇ ಹಾಲಿನಿಂದ ಬೇರೆಯದೇ ಚಹಾ ಮಾಡಬಹುದು. ಇಂದಿನ ನನ್ನ ಮಾತೆಲ್ಲ ಈ ಸರದಿಯನ್ನು ಕುರಿತದ್ದೇ.

ಮಸಾಲೆಯನ್ನು ನೀರಿನಲ್ಲಿ ಕುದಿಸಿ ಕುಡಿಯುವುದು ನಮಗೆ ಚಹಾ ಕಲಿಸಿದ ಪಾಠವಲ್ಲ. ಕೊತ್ತಂಬರಿ ಬೀಜ, ಜೀರಿಗೆ, ಕರಿಮೆಣಸು, ಒಣಶುಂಠಿಗಳನ್ನು ಕುಟ್ಟಿ ಕುದಿಸಿ, ಬೆಲ್ಲ ಬೆರೆಸಿ, ಕಡೆಗೆ ಹಾಲು ಸೇರಿಸುವ ಕಷಾಯ ನಮ್ಮ ಮನೆಗಳಲ್ಲಿ ಹಿಂದಿನಿಂದಲೂ ಇದೆ. ಚಹಾ ಬಂದದ್ದು ಅದರ ಎಷ್ಟೋ ಕಾಲದ ನಂತರ. ಅಸ್ಸಾಮಿನ ಕಾಡಿನಲ್ಲಿ ಸಿಂಗ್ಫೊ ಜನ ಬಳಸುತ್ತಿದ್ದ ಚಹಾ ಗಿಡ ಬ್ರಿಟಿಷರ ಗಮನಕ್ಕೆ ಬಂದದ್ದು 1823ರಲ್ಲಿ, ಅಸ್ಸಾಂ ಕಂಪನಿ ಸ್ಥಾಪನೆಯಾದದ್ದು 1839ರಲ್ಲಿ. ಅಲ್ಲಿಂದ ಮುಂದೆ ಬಹಳ ಕಾಲ ಇಲ್ಲಿ ಬೆಳೆದ ಚಹಾದ ಹೆಚ್ಚಿನ ಪಾಲು ಹಡಗು ಹತ್ತಿ ಹೊರದೇಶಕ್ಕೇ ಹೋಗುತ್ತಿತ್ತು. 1903ರಲ್ಲಿ ರಫ್ತಾಗುವ ಚಹಾದ ಮೇಲೆ ಸುಂಕ ವಿಧಿಸುವ ಕಾನೂನು ಬಂದು, ಆ ಹಣದಿಂದ ಪ್ರಚಾರ ನಡೆಸಿದ ಮೇಲೆಯೇ ಈ ದೇಶದ ಜನಸಾಮಾನ್ಯರಿಗೆ ಚಹಾದ ರುಚಿ ಹತ್ತಿತು. ಪ್ರಚಾರಕರು ಹೇಳಿಕೊಟ್ಟದ್ದು ಬಿಸಿನೀರಿನಲ್ಲಿ ಎಲೆ ನೆನೆಸಿ ಹಾಲನ್ನು ತುಸುವೇ ಬೆರೆಸುವ ವಿಧಾನವನ್ನು. ನಮ್ಮ ಜನ ಮಾತ್ರ ಅದನ್ನು ಕಷಾಯದ ದಾರಿಗೆ ಎಳೆದುಕೊಂಡರು. ಒಲೆಯ ಮೇಲಿಟ್ಟು ಕುದಿಸಿದರು, ಹಾಲು ಹೆಚ್ಚಿಸಿದರು, ಶುಂಠಿ ಯಾಲಕ್ಕಿ ಕುಟ್ಟಿ ಹಾಕಿದರು. ಇದಕ್ಕೆ ಹೇಳಿ ಮಾಡಿಸಿದಂತೆ 1930ರ ದಶಕದ ಆರಂಭದಲ್ಲಿ ಅಸ್ಸಾಮಿನಲ್ಲಿ ಸಿಟಿಸಿ ಯಂತ್ರ ಬಂದಿತು. ಎಲೆಯನ್ನು ಜಜ್ಜಿ, ಹರಿದು, ಸುರುಳಿಗಟ್ಟಿಸಿ ಸಣ್ಣ ಕಾಳಾಗಿಸುವ ಈ ಯಂತ್ರದಿಂದ ಬಂದ ಚಹಾಪುಡಿ ಬೇಗ ಬಣ್ಣ ಬಿಡುತ್ತದೆ, ಹಾಲು ಮತ್ತು ಮಸಾಲೆಯ ನಡುವೆಯೂ ತನ್ನ ರುಚಿಯನ್ನು ಬಿಟ್ಟುಕೊಡುವುದಿಲ್ಲ. ಡಾರ್ಜಿಲಿಂಗಿನ ಉದ್ದ ಎಲೆಯ ಚಹಾ ಎಷ್ಟೇ ಬೆಲೆಯದಾದರೂ ಮಸಾಲೆ ಚಹಾಕ್ಕೆ ಅದನ್ನು ತರಬೇಡಿ. ಅದರ ನವಿರಾದ ಪರಿಮಳ ಶುಂಠಿಯ ಮುಂದೆ ಉಳಿಯುವುದಿಲ್ಲ, ಹಣವೂ ಹೋಗುತ್ತದೆ.

ಮಸಾಲೆಗೆ ಹೋಗುವ ಮುನ್ನ ನೀರಿನ ವಿಷಯವನ್ನು ಹೇಳಲೇಬೇಕು, ಏಕೆಂದರೆ ನಮ್ಮ ಜಿಲ್ಲೆಯಲ್ಲಿ ಇದು ದೊಡ್ಡ ಸಂಗತಿ. ಕಲಾದಗಿ, ಲೋಕಾಪುರಗಳ ಸುತ್ತಿನದು ಸುಣ್ಣಕಲ್ಲಿನ ನೆಲ. ಇಲ್ಲಿ ಸಿಮೆಂಟ್ ಕಾರ್ಖಾನೆಗಳು ಬಂದದ್ದೂ ಅದಕ್ಕಾಗಿಯೇ. ಇಂಥ ನೆಲದ ಬೋರಿನ ನೀರು ಗಡಸಾಗಿರುತ್ತದೆ. ಆ ನೀರಿನಲ್ಲಿ ಮಾಡಿದ ಚಹಾವನ್ನು ಸ್ವಲ್ಪ ಹೊತ್ತು ಕಪ್ಪಿನಲ್ಲಿ ಬಿಟ್ಟು ನೋಡಿದರೆ, ಮೇಲೆ ತೆಳ್ಳಗೆ ಹೊಳೆಯುವ ಒಂದು ಪೊರೆ ಕಟ್ಟಿ, ಕಪ್ಪಿನ ಅಂಚಿಗೆ ಕಂದು ಗೆರೆಯಾಗಿ ಅಂಟುತ್ತದೆ. ನೀರಿನ ಕ್ಯಾಲ್ಸಿಯಂ ಮತ್ತು ಬೈಕಾರ್ಬೊನೇಟುಗಳು ಚಹಾದ ಒಗರು ಅಂಶಗಳೊಡನೆ, ಗಾಳಿಯ ಆಮ್ಲಜನಕದ ಸಂಗಡ ಸೇರಿ ಕಟ್ಟುವ ಪೊರೆ ಅದು. ರುಚಿ ಕೊಡಬೇಕಾದ ಅಂಶದ ಒಂದು ಪಾಲು ಹೀಗೆ ಪೊರೆಯ ಪಾಲಾಗಿ, ಚಹಾದ ಬಣ್ಣವೂ ಮಂಕಾಗುತ್ತದೆ. ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ತಂದ ನೀರನ್ನು ಕುಡಿಯಲು ಮಾತ್ರ ಇಟ್ಟುಕೊಂಡು ಚಹಾಕ್ಕೆ ಬೋರಿನ ನೀರು ಹಾಕುವ ರೂಢಿ ಅನೇಕ ಮನೆಗಳಲ್ಲಿದೆ. ದಯವಿಟ್ಟು ಆ ಒಳ್ಳೆಯ ನೀರಿನಲ್ಲೇ ಒಂದು ತಂಬಿಗೆ ಚಹಾಕ್ಕೂ ಎತ್ತಿಡಿ. ಅದು ಇಲ್ಲದಿದ್ದರೆ ಬೋರಿನ ನೀರನ್ನು ಮೊದಲು ಐದಾರು ನಿಮಿಷ ಚೆನ್ನಾಗಿ ಕುದಿಸಿ, ತಳದಲ್ಲಿ ಬಿಳಿ ಪುಡಿ ಕೂತ ಮೇಲೆ ಮೇಲಿನ ತಿಳಿ ನೀರನ್ನಷ್ಟೇ ಬಳಸಿ. ಗಡಸುತನದ ಒಂದು ಭಾಗವಾದರೂ ಇಳಿಯುತ್ತದೆ.

ಈಗ ಮಸಾಲೆಗಳ ಸರದಿಗೆ ಬರೋಣ. ಮೊದಲನೆಯದು ಹಸಿ ಶುಂಠಿ. ಶುಂಠಿ ಹಾಕಿದಾಗ ಹಾಲು ಒಡೆಯಿತು ಎಂಬ ದೂರು ಪ್ರತಿ ಮನೆಯಲ್ಲೂ ಕೇಳುತ್ತದೆ, ಮತ್ತು ಹಾಲು ಹಳೆಯದಿತ್ತೇನೋ ಎಂದು ಹಾಲು ಹಾಕುವವರನ್ನು ದೂರುವುದೂ ಉಂಟು. ಹಲವು ಸಲ ಕಾರಣ ಶುಂಠಿಯಲ್ಲೇ ಇರುತ್ತದೆ. ಹಸಿ ಶುಂಠಿಯಲ್ಲಿ ಜಿಂಜಿಬೇನ್ ಎಂಬ ಕಿಣ್ವವಿದೆ. ಅದು ಹಾಲಿನ ಪ್ರೋಟೀನನ್ನು ತುಂಡರಿಸಿ ಹೆಪ್ಪುಗಟ್ಟಿಸುತ್ತದೆ. ದಕ್ಷಿಣ ಚೀನಾದಲ್ಲಿ ಶುಂಠಿಯ ರಸದ ಮೇಲೆ ಬಿಸಿ ಹಾಲು ಸುರಿದು, ನಮ್ಮ ಗಿಣ್ಣದಂತೆ ನಡುಗುವ ಸಿಹಿ ತಿನಿಸೊಂದನ್ನು ಮಾಡುತ್ತಾರೆ, ಅಲ್ಲಿ ಹೆಪ್ಪಿನ ಕೆಲಸ ಮಾಡುವುದು ಇದೇ ಕಿಣ್ವ. ಆದರೆ ಇದು ಶಾಖವನ್ನು ತಾಳುವುದಿಲ್ಲ. ಕುದಿಯುವ ನೀರಿನಲ್ಲಿ ಶುಂಠಿ ಮೂರು ನಾಲ್ಕು ನಿಮಿಷ ಬೆಂದರೆ ಕಿಣ್ವ ಸತ್ತುಹೋಗುತ್ತದೆ, ಆಮೇಲೆ ಹಾಲು ಸುರಿದರೆ ಭಯವಿಲ್ಲ. ಹಾಲು ಬಿಸಿಯಾದ ಮೇಲೆ ನೆನಪಾಗಿ ಶುಂಠಿ ತುರಿದು ಹಾಕುವುದೇ ಅಪಾಯ. ಶುಂಠಿಯನ್ನು ತುರಿಯುವುದಕ್ಕಿಂತ ಕುಟ್ಟಾಣಿಯಲ್ಲಿ ಜಜ್ಜುವುದು ನನಗೆ ಹೆಚ್ಚು ಇಷ್ಟ. ರಸವೂ ಬಿಡುತ್ತದೆ, ಸೋಸುವಾಗ ನಾರೂ ಸುಲಭವಾಗಿ ನಿಲ್ಲುತ್ತದೆ. ಒಣಶುಂಠಿ ಬಳಸುವವರು ಒಂದು ಮಾತು ನೆನಪಿಡಬೇಕು: ಶುಂಠಿ ಒಣಗುವಾಗ ಅದರ ಜಿಂಜೆರಾಲ್ ಎಂಬ ಖಾರದ ಅಂಶ ಶೋಗಾಲ್ ಎಂಬ ಇನ್ನೂ ತೀಕ್ಷ್ಣವಾದ ಅಂಶವಾಗಿ ಬದಲಾಗುತ್ತದೆ. ಆದ್ದರಿಂದ ನಾಲ್ಕು ಕಪ್ಪಿಗೆ ಒಂದು ದೊಡ್ಡ ಚಿಟಿಕೆ ಪುಡಿ ಸಾಕು.

ಚಕ್ಕೆ, ಲವಂಗ, ಕರಿಮೆಣಸು ಶುಂಠಿಯ ಜೊತೆಗೇ ನೀರಿಗೆ ಹೋಗಬೇಕು. ಇವೆಲ್ಲ ಗಟ್ಟಿ ಪದಾರ್ಥಗಳು, ಒಳಗಿನ ಎಣ್ಣೆಯನ್ನು ಬಿಡಲು ಹೊತ್ತು ತೆಗೆದುಕೊಳ್ಳುತ್ತವೆ. ಚಕ್ಕೆಯಲ್ಲಿ ಎರಡು ಬಗೆ ಇರುವುದನ್ನು ನೀವು ಅಂಗಡಿಯಲ್ಲಿ ನೋಡಿರಬಹುದು. ದಪ್ಪಗೆ, ಒರಟಾಗಿ, ಒಂದೇ ಪದರದಲ್ಲಿ ಇರುವುದು ಕ್ಯಾಸಿಯಾ. ಕಾಗದದಷ್ಟು ತೆಳುವಾದ ಹಲವು ಪದರಗಳು ಒಂದರೊಳಗೊಂದು ಸುತ್ತಿಕೊಂಡಿರುವುದು ನಿಜವಾದ ದಾಲ್ಚಿನ್ನಿ. ನಮ್ಮ ಕಿರಾಣಿ ಅಂಗಡಿಗಳಲ್ಲಿ ಸಿಗುವುದು ಹೆಚ್ಚಾಗಿ ಮೊದಲನೆಯದು. ಚಹಾಕ್ಕೆ ಅದೂ ನಡೆಯುತ್ತದೆ, ಅರ್ಧ ಇಂಚಿನ ತುಂಡು ಸಾಕು. ಬಹಳ ಹೊತ್ತು ಕುದಿಸಿದರೆ ಚಕ್ಕೆ ಲೋಳೆ ಬಿಡುವುದರಿಂದ ಚಹಾ ನಾಲಿಗೆಗೆ ಜಾರಿದಂತಾಗುತ್ತದೆ. ಲವಂಗದ ವಿಷಯದಲ್ಲಿ ಕೈ ಬಿಗಿಯಾಗಿರಲಿ. ಲವಂಗದೆಣ್ಣೆಯ ಬಹುಪಾಲು ಯುಜೆನಾಲ್ ಎಂಬ ಒಂದೇ ಅಂಶ. ಹಲ್ಲುನೋವಿಗೆ ಲವಂಗ ಇಟ್ಟುಕೊಂಡಾಗ ಬಾಯಿ ಜೋಮು ಹಿಡಿಯುವುದು ಅದರಿಂದಲೇ. ನಾಲ್ಕು ಕಪ್ಪಿಗೆ ಎರಡು ಲವಂಗ ಮೀರಿದರೆ ಉಳಿದ ಯಾವ ಮಸಾಲೆಯೂ ನಿಮ್ಮ ನಾಲಿಗೆಗೆ ತಿಳಿಯುವುದಿಲ್ಲ. ಕರಿಮೆಣಸು ಮೂರು ನಾಲ್ಕು ಕಾಳು, ತರಿತರಿಯಾಗಿ ಒಡೆದದ್ದು. ಮಳೆಗಾಲಕ್ಕೂ ಚಳಿಗೂ ಅದು ಒಳ್ಳೆಯದು, ಮಾರ್ಚ್ ಬಂದ ಮೇಲೆ ನಮ್ಮ ಬಿಸಿಲಿಗೆ ಬೇಡ. ಬೇಸಿಗೆಯಲ್ಲಿ ಮೆಣಸಿನ ಜಾಗಕ್ಕೆ ಅರ್ಧ ಚಮಚ ಬಡೇಸೋಪು ಹಾಕಿ ನೋಡಿ. ಅದಕ್ಕೆ ತನ್ನದೇ ಸಿಹಿ ಇರುವುದರಿಂದ ಸಕ್ಕರೆಯನ್ನೂ ಸ್ವಲ್ಪ ಇಳಿಸಬಹುದು. ಬೆಳಗಾವಿ ಕಡೆ ಹಿತ್ತಲಲ್ಲಿ ಬೆಳೆಸುವ ಗವತಿ ಚಹಾದ, ಅಂದರೆ ನಿಂಬೆ ಹುಲ್ಲಿನ, ಎಲೆ ಸಿಕ್ಕರೆ, ಎರಡು ಗರಿಗಳನ್ನು ಗಂಟು ಕಟ್ಟಿ, ಚಹಾಪುಡಿ ಹಾಕುವ ಹೊತ್ತಿಗೆ ನೀರಿಗೆ ಬಿಡಿ; ನಿಂಬೆಯ ಘಮ ಕೊಡುವ ಅದರ ಎಣ್ಣೆ ಬೇಗ ಹಾರಿಹೋಗುವಂಥದ್ದು, ಮೊದಲೇ ಹಾಕಿದರೆ ಘಮವೆಲ್ಲ ಅಡುಗೆಮನೆಗೆ ಸಿಗುತ್ತದೆ, ಕಪ್ಪಿಗೆ ಸಿಗುವುದಿಲ್ಲ.

ಯಾಲಕ್ಕಿಯನ್ನು ನಾನು ಬೇಕೆಂದೇ ಕೊನೆಗೆ ಉಳಿಸಿದ್ದೇನೆ, ಬೋಗುಣಿಯಲ್ಲೂ ಅದಕ್ಕೆ ಕೊನೆಯ ಜಾಗವೇ. ನಮ್ಮ ಮನೆಗಳಲ್ಲಿ ಆಗುವ ದೊಡ್ಡ ನಷ್ಟ ಇದರದ್ದು. ಬೆಲೆಯಲ್ಲಿ ಎಲ್ಲಕ್ಕಿಂತ ದುಬಾರಿಯಾದ, ಪರಿಮಳದಲ್ಲಿ ಎಲ್ಲಕ್ಕಿಂತ ಸೂಕ್ಷ್ಮವಾದ ಈ ಪದಾರ್ಥವನ್ನು ಮೊದಲಿಗೇ ನೀರಿಗೆ ಹಾಕಿ ಹತ್ತು ನಿಮಿಷ ಕುದಿಸಿ, ಆವಿಯ ಜೊತೆ ಕಳಿಸಿಬಿಡುತ್ತೇವೆ. ಈಗ ಈ ಕುಟ್ಟಾಣಿಯನ್ನು ನೋಡಿ. ಹಸಿರು ಯಾಲಕ್ಕಿಯನ್ನು ಇಟ್ಟು ಒಂದೇ ಸಲ ಮೆಲ್ಲಗೆ ಒತ್ತಿದರೆ ಸಿಪ್ಪೆ ಮೂರು ಕಡೆ ಸೀಳುತ್ತದೆ. ಒಳಗೆ ತೆಳು ಪರದೆಗಳ ನಡುವೆ ಕಪ್ಪು ಕಾಳುಗಳು ಒಂದಕ್ಕೊಂದು ಅಂಟಿಕೊಂಡಿವೆ. ಬೆರಳಿನಲ್ಲಿ ಒತ್ತಿದಾಗ ಕಾಳು ಜಿಗುಟಾಗಿದ್ದರೆ ಯಾಲಕ್ಕಿ ತಾಜಾ ಇದೆ. ಬೂದು ಬಣ್ಣಕ್ಕೆ ತಿರುಗಿ, ಒಣಗಿ, ಬಿಡಿಬಿಡಿಯಾಗಿ ಉದುರಿದರೆ ಹಳೆಯದು. ಪರಿಮಳದ ಎಣ್ಣೆ ಇರುವುದು ಈ ಕಾಳಿನಲ್ಲಿ, ಸಿಪ್ಪೆಯಲ್ಲಿ ಅದರ ಅಂಶ ಬಹಳ ಕಡಿಮೆ. ಆದ್ದರಿಂದ ನಾನು ಸಿಪ್ಪೆಯನ್ನು ಶುಂಠಿಯ ಜೊತೆ ನೀರಿಗೆ ಹಾಕುತ್ತೇನೆ, ಕಾಳನ್ನು ಬೇರೆ ಪುಡಿ ಮಾಡಿ ಎತ್ತಿಡುತ್ತೇನೆ. ಈ ಎಣ್ಣೆ ನೀರಿನಲ್ಲಿ ಸರಿಯಾಗಿ ಬೆರೆಯುವುದಿಲ್ಲ, ಕೊಬ್ಬಿನಲ್ಲಿ ಬೆರೆಯುತ್ತದೆ. ಅಂದರೆ ಹಾಲು ಬಂದ ಮೇಲೆಯೇ ಅದಕ್ಕೆ ನಿಲ್ಲಲು ನೆಲೆ. ಒಲೆ ಆರಿಸಿದ ಕೂಡಲೇ ಪುಡಿ ಉದುರಿಸಿ, ತಟ್ಟೆ ಮುಚ್ಚಿ, ಎರಡು ನಿಮಿಷ ಹಾಗೇ ಬಿಡಬೇಕು. ಜಾಯಿಕಾಯಿ ಹಾಕುವವರು ಅದನ್ನೂ ಇದೇ ಹೊತ್ತಿನಲ್ಲಿ ಎರಡೇ ಎರಡು ಸಲ ತೇದು ಹಾಕಲಿ.

ಹಾಲಿನ ಮಾತು. ಬಾಗಲಕೋಟೆ, ಬೆಳಗಾವಿ, ಧಾರವಾಡ, ಗದಗ ಭಾಗದ ನಮ್ಮ ಧಾರವಾಡಿ ಎಮ್ಮೆ ಈಗ ರಾಷ್ಟ್ರ ಮಟ್ಟದಲ್ಲಿ ನೋಂದಾಯಿತವಾದ ತಳಿ. ಧಾರವಾಡ ಪೇಡೆಯ ಹೆಸರಿನ ಹಿಂದೆ ಇರುವುದೂ ಅದರ ಹಾಲೇ. ಎಮ್ಮೆ ಹಾಲಿನಲ್ಲಿ ಕೊಬ್ಬು ಶೇಕಡಾ 6ರಿಂದ 7ರ ಆಸುಪಾಸು ಇರುತ್ತದೆ, ಪ್ಯಾಕೆಟ್ಟಿನ ಟೋನ್ಡ್ ಹಾಲಿನಲ್ಲಿ ಶೇಕಡಾ 3. ಕೊಬ್ಬು ಮಸಾಲೆಯ ಎಣ್ಣೆಯನ್ನು ಹಿಡಿದಿಡುತ್ತದೆ. ಹಾಲಿನ ಕೇಸಿನ್ ಎಂಬ ಪ್ರೋಟೀನು ಚಹಾದ ಒಗರನ್ನು ಕಟ್ಟಿಹಾಕಿ ನಾಲಿಗೆಗೆ ಮೆತ್ತಗಾಗಿಸುತ್ತದೆ. ಎರಡೂ ಬೇಕು, ಆದರೆ ಅತಿಯಾದರೆ ಚಹಾ ಮಸಾಲೆ ಹಾಲಾಗುತ್ತದೆ. ಆದ್ದರಿಂದ ಎಮ್ಮೆ ಹಾಲಾದರೆ ನೀರು ತುಸು ಹೆಚ್ಚಿರಲಿ, ಟೋನ್ಡ್ ಹಾಲಾದರೆ ಹಾಲು ತುಸು ಹೆಚ್ಚಿರಲಿ. ಹಾಲನ್ನು ಫ್ರಿಜ್ಜಿನಿಂದ ನೇರವಾಗಿ ಸುರಿಯದೆ ಬೇರೆ ಬಿಸಿ ಮಾಡಿ ಸುರಿದರೆ ಕುದಿ ನಿಲ್ಲುವುದಿಲ್ಲ, ಚಹಾಪುಡಿ ಹೆಚ್ಚು ಹೊತ್ತು ನೆನೆದು ಕಹಿಯೂ ಆಗುವುದಿಲ್ಲ.

ಇಷ್ಟು ತಿಳಿದ ಮೇಲೆ ಮಾಡುವ ಕ್ರಮ ಸರಳ. ನಾಲ್ಕು ಕಪ್ಪಿಗೆ 300 ಮಿಲಿಲೀಟರ್ ನೀರು, 250 ಮಿಲಿಲೀಟರ್ ಎಮ್ಮೆ ಹಾಲು ಇಟ್ಟುಕೊಳ್ಳೋಣ. ಒಟ್ಟು 550 ಆಯಿತು. ಸುಮಾರು 70 ಆವಿಯಾಗಿ ಹೋಗುತ್ತದೆ, ಚಹಾಪುಡಿ ಒಂದಿಷ್ಟನ್ನು ಹೀರಿಕೊಳ್ಳುತ್ತದೆ, ಉಳಿದದ್ದು ನಾಲ್ಕು ಕಪ್ಪಿಗೆ ಸರಿಹೋಗುತ್ತದೆ. ಜಜ್ಜಿದ ಒಂದು ಇಂಚು ಶುಂಠಿ, ಚಕ್ಕೆ, ಲವಂಗ, ಮೆಣಸು, ಯಾಲಕ್ಕಿ ಸಿಪ್ಪೆಗಳನ್ನು ತಣ್ಣೀರಿಗೆ ಹಾಕಿ ಒಲೆ ಹೊತ್ತಿಸಿ. ಕುದಿ ಬಂದ ಮೇಲೆ ಉರಿ ಇಳಿಸಿ ನಾಲ್ಕೈದು ನಿಮಿಷ ಬಿಡಿ. ನೀರು ತಿಳಿ ಹೊಂಬಣ್ಣಕ್ಕೆ ತಿರುಗಿ, ಮೊದಲು ಬರೀ ಶುಂಠಿ ನಾರುತ್ತಿದ್ದ ಆವಿಯಲ್ಲಿ ಚಕ್ಕೆಯ ಸಿಹಿ ವಾಸನೆ ಕಾಣಿಸಿಕೊಂಡಾಗ ಮಸಾಲೆ ಬಿಟ್ಟಿದೆ ಎಂದು ತಿಳಿಯಬೇಕು. ಆಗ ಚಹಾಪುಡಿ, ನಾಲ್ಕು ಸಣ್ಣ ಚಮಚ, ಅಂದರೆ ಸುಮಾರು 10 ಗ್ರಾಂ. ಅದು ಎರಡು ನಿಮಿಷ ಕುದಿಯಲಿ. ನಂತರ ಬಿಸಿ ಹಾಲು, ರುಚಿಗೆ ತಕ್ಕ ಸಕ್ಕರೆ. ಹಾಲು ಸೇರಿದ ಮೇಲೆ ಉರಿ ತುಸು ಹೆಚ್ಚಿಸಿ. ಚಹಾ ಉಕ್ಕಿ ಬೋಗುಣಿಯ ಅಂಚಿಗೆ ಬಂದಾಗ ಇಕ್ಕಳದಿಂದ ಎತ್ತಿ ಇಳಿಸಿ, ಮತ್ತೆ ಉಕ್ಕಲು ಬಿಡಿ. ಎರಡು ಮೂರು ಉಕ್ಕಿನಲ್ಲಿ ಮೇಲಿನ ಬಿಳಿ ನೊರೆ ಹೋಗಿ ಇಡೀ ಚಹಾ ಒಂದೇ ಬಣ್ಣಕ್ಕೆ ಬರುತ್ತದೆ. ಅಲ್ಲಿಗೆ ಒಲೆ ಆರಿಸಿ, ಯಾಲಕ್ಕಿ ಪುಡಿ ಹಾಕಿ ಮುಚ್ಚಿ, ಎರಡು ನಿಮಿಷದ ಮೇಲೆ ಸೋಸಿ. ಇನ್ನೂ ಕುದಿಸಿದರೆ ಇನ್ನೂ ರುಚಿಯಾಗುತ್ತದೆ ಎಂಬ ನಂಬಿಕೆ ಸರಿಯಲ್ಲ. ಆಮೇಲೆ ಬರುವುದು ಒಗರು ಮಾತ್ರ, ಅದನ್ನು ಮುಚ್ಚಲು ಸಕ್ಕರೆ ಏರಿಸಬೇಕಾಗುತ್ತದೆ.

ಬಿಡಿ ಚಹಾಪುಡಿ ಕೊಳ್ಳುವವರು ಅದರಲ್ಲಿ ಬಣ್ಣ ಬೆರೆಸಿದ್ದಾರೆಯೇ ಎಂದು ಮನೆಯಲ್ಲೇ ನೋಡಬಹುದು. ಸೋಸು ಕಾಗದದ ಮೇಲೆ ಪುಡಿ ಹರಡಿ, ನೀರು ಚಿಮುಕಿಸಿ, ಸ್ವಲ್ಪ ಹೊತ್ತಿನ ನಂತರ ಪುಡಿಯನ್ನು ತೊಳೆದು ತೆಗೆದು ಕಾಗದವನ್ನು ಬೆಳಕಿಗೆ ಹಿಡಿಯಿರಿ. ಶುದ್ಧ ಚಹಾ ಹೆಚ್ಚಿನ ಕಲೆ ಬಿಡುವುದಿಲ್ಲ, ಬಣ್ಣ ಹಾಕಿದ ಪುಡಿ ಕಾಗದಕ್ಕೆ ಗಾಢವಾಗಿ ಹತ್ತುತ್ತದೆ.

ಇನ್ನೊಂದು ವಿಷಯವನ್ನು ಇಲ್ಲಿ ಕೂತಿರುವ ತಾಯಂದಿರಿಗೂ ವಿದ್ಯಾರ್ಥಿನಿಯರಿಗೂ ಹೇಳದೆ ಮಾತು ಮುಂದುವರಿಸಲಾರೆ. ರೊಟ್ಟಿ ಊಟ ಮುಗಿದೊಡನೆ ಒಂದು ಕಪ್ ಚಹಾ ನಮ್ಮಲ್ಲಿ ರೂಢಿ. ಚಹಾದ ಒಗರು ಅಂಶಗಳು ಕಾಳು, ಸೊಪ್ಪು, ಜೋಳದಲ್ಲಿರುವ ಕಬ್ಬಿಣಾಂಶ ದೇಹಕ್ಕೆ ಸೇರದಂತೆ ತಡೆಯುತ್ತವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇಕಡಾ 47.8ರಷ್ಟು ಮಂದಿಗೆ ರಕ್ತಹೀನತೆ ಇದೆ. ಊಟಕ್ಕೆ ಒಂದು ಗಂಟೆ ಮೊದಲು ಮತ್ತು ಒಂದು ಗಂಟೆ ನಂತರ ಚಹಾ ಬೇಡ ಎಂದು ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆ 2024ರ ತನ್ನ ಆಹಾರ ಮಾರ್ಗಸೂಚಿಯಲ್ಲಿ ಹೇಳಿದೆ. ಚಹಾ ಬಿಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಊಟದಿಂದ ದೂರ ಸರಿಸಿ ಎಂದು ಕಳಕಳಿಯಿಂದ ಕೇಳುತ್ತೇನೆ.

ಉಪನ್ಯಾಸದ ನಂತರ ಪ್ರಶ್ನೆಗಳು ಬಂದವು. ಹಿರಿಯ ತಾಯಿಯೊಬ್ಬರು, ‘ಬೆಲ್ಲ ಹಾಕಿದ್ರ ಹಾಲು ಒಡೀತೈತ್ರಿ, ಅದಕ್ಕೇನ್ ಮಾಡಬೇಕ್ರಿ?’ ಎಂದು ಕೇಳಿದರು. ಮಹಾಲಿಂಗಪುರದಂಥ ಬೆಲ್ಲದ ಪೇಟೆ ಇರುವ ಜಿಲ್ಲೆಯಲ್ಲಿ ಈ ಪ್ರಶ್ನೆ ಬರಲೇಬೇಕು. ಬೆಲ್ಲದಲ್ಲಿ ಸ್ವಲ್ಪ ಹುಳಿಯ ಗುಣ ಇರುತ್ತದೆ. ಹಾಲು ಕುದಿಯುತ್ತಿರುವಾಗ ಆ ಹುಳಿ ತಾಗಿದರೆ ಪ್ರೋಟೀನು ಗಂಟುಕಟ್ಟುತ್ತದೆ. ತಣ್ಣಗಿರುವ ಹಾಲಿಗೆ ಅಷ್ಟು ಹುಳಿ ಏನೂ ಮಾಡದು, ಕುದಿಯುವ ಹಾಲಿಗೆ ಅದೇ ಸಾಕು. ಆದ್ದರಿಂದ ಸಕ್ಕರೆಯ ಸರದಿ ಬೇರೆ, ಬೆಲ್ಲದ ಸರದಿ ಬೇರೆ. ಒಲೆ ಆರಿಸಿ, ಕುದಿ ಪೂರ್ತಿ ನಿಂತ ಮೇಲೆ ಹೆರೆದ ಬೆಲ್ಲವನ್ನು ಹಾಕಿ ಕಲಕಿ, ಮತ್ತೆ ಒಲೆಗೆ ಇಡಬೇಡಿ. ಇದಕ್ಕಿಂತ ನಂಬಿಕೆಯ ದಾರಿ ಎಂದರೆ ಮಸಾಲೆ, ಚಹಾಪುಡಿ, ಬೆಲ್ಲ ಮೂರನ್ನೂ ನೀರಿನಲ್ಲಿ ಕುದಿಸಿ ಸೋಸಿಕೊಂಡು, ಬೇರೆ ಕಾಯಿಸಿದ ಹಾಲನ್ನು ಕಪ್ಪಿನಲ್ಲೇ ಬೆರೆಸುವುದು. ತೀರಾ ಹಳೆಯದಾಗಿ ನೀರೊಡೆದ ಬೆಲ್ಲಕ್ಕೆ ಹುಳಿ ಹೆಚ್ಚು, ಅದು ಚಹಾಕ್ಕೆ ಬೇಡ.

ಚಹಾ ಮಸಾಲೆ ಪುಡಿ ಮಾಡಿ ಡಬ್ಬಿಯಲ್ಲಿಟ್ಟುಕೊಂಡರೆ ಆಗದೇ ಎಂದು ವಿದ್ಯಾರ್ಥಿಯೊಬ್ಬರು ಕೇಳಿದರು. ಆಗುತ್ತದೆ, ಆದರೆ ಒಣಶುಂಠಿ, ಚಕ್ಕೆ, ಲವಂಗ, ಮೆಣಸನ್ನಷ್ಟೇ ಪುಡಿ ಮಾಡಿ, ಹದಿನೈದು ದಿನಕ್ಕೆ ಸಾಕಾಗುವಷ್ಟೇ ಇಡಿ. ಯಾಲಕ್ಕಿ ಸಿಪ್ಪೆಯೊಳಗೇ ಇರಲಿ. ಪುಡಿಯಾದ ಕ್ಷಣದಿಂದ ಅದರ ಪರಿಮಳ ಇಳಿಯುತ್ತ ಹೋಗುತ್ತದೆ. ಚಹಾಪುಡಿಯ ಡಬ್ಬಿಯನ್ನು ಮಸಾಲೆ ಡಬ್ಬಿಯ ಪಕ್ಕದಲ್ಲಿಡುವುದೂ ಬೇಡ, ಅದು ಜೀರಿಗೆಯ ವಾಸನೆಯನ್ನೂ ಹಿಂಗಿನ ವಾಸನೆಯನ್ನೂ ಬೇಗ ಹೀರಿಕೊಳ್ಳುತ್ತದೆ.

ಕೊನೆಯ ಪ್ರಶ್ನೆ ಸೀಮಂತ, ಗೃಹಪ್ರವೇಶದಂಥ ಕಾರ್ಯಕ್ರಮಗಳಲ್ಲಿ ಇಪ್ಪತ್ತು ಮಂದಿಗೆ ಒಟ್ಟಿಗೆ ಮಾಡುವುದರ ಬಗ್ಗೆ. ನಾಲ್ಕು ಕಪ್ಪಿನ ಅಳತೆಯನ್ನು ಐದರಿಂದ ಗುಣಿಸಿದರೆ ಚಹಾ ನೀರಾಗುತ್ತದೆ, ಏಕೆಂದರೆ ದೊಡ್ಡ ಪಾತ್ರೆಯಲ್ಲಿ ಆವಿಯಾಗಿ ಹೋಗುವ ಪಾಲು ಕಡಿಮೆ. 1300 ಮಿಲಿಲೀಟರ್ ನೀರು, ಒಂದೂಕಾಲು ಲೀಟರ್ ಹಾಲು ಸಾಕು. ಹೆಚ್ಚು ಹೊತ್ತು ಕುದಿಯುವುದರಿಂದ ಲವಂಗವನ್ನು ಹತ್ತಕ್ಕೆ ಏರಿಸದೆ ಏಳಕ್ಕೆ ನಿಲ್ಲಿಸಿ, ಶುಂಠಿಯನ್ನು ನಾಲ್ಕು ಇಂಚಿಗೆ ನಿಲ್ಲಿಸಿ. ಚಹಾಪುಡಿ ಮತ್ತು ಯಾಲಕ್ಕಿ ಮಾತ್ರ ಪೂರ್ತಿ ಐದರಷ್ಟು ಬೇಕು. ಥರ್ಮಾಸಿನಲ್ಲಿ ತುಂಬಿಡುವುದಾದರೆ ಚೆನ್ನಾಗಿ ಸೋಸಿ ತುಂಬಬೇಕು, ತಳದಲ್ಲಿ ಒಂದು ಚಮಚ ಪುಡಿ ಉಳಿದರೂ ಅರ್ಧ ಗಂಟೆಯಲ್ಲಿ ಕಹಿ ಏರುತ್ತದೆ. ಯಾಲಕ್ಕಿ ಪುಡಿಯನ್ನು ಬೋಗುಣಿಗೆ ಹಾಕದೆ ಥರ್ಮಾಸಿಗೇ ಉದುರಿಸಿ, ಮೇಲೆ ಚಹಾ ಸುರಿದು, ತಕ್ಷಣ ಬಿರಡೆ ಹಾಕಿ.